ಬಿರುಗಾಳಿಗೆ ಎದುರಾದ ಒಂಟಿ ಹಾಯಿ

ಕೋಲಾರಕ್ಕೂ ಕಡಲಿಗೂ ಏನು ಸಂಬಂಧ? ಇಲ್ಲಿಂದ ಚೆನ್ನೈ ಸಮುದ್ರತೀರಕ್ಕೆ ರಸ್ತೆಯಲ್ಲಿ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನಕ್ಕೆ ನೀರೆಂದರೆ ಕೆರೆಯ ನೀರು, ಇಲ್ಲವೇ ಆಳದ ಕೊಳವೆಬಾವಿಯ ನೀರು. ಆದರೂ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಎಂಬ ಸುದ್ದಿ ಬಂದ ಕೂಡಲೇ ನಮ್ಮ ರೈತ ಮುಗಿಲು ನೋಡುತ್ತಾನೆ. ಕಡಲಲ್ಲಿ ಎದ್ದ ಬಿರುಗಾಳಿಯೇ ನಮ್ಮ ಹಿಂಗಾರಿಗೆ ಮಳೆ ತರುತ್ತದೆ. 2021ರ ನವೆಂಬರಿನಲ್ಲಿ ಕೊಯ್ಲಿಗೆ ಬಂದ ರಾಗಿ ನೆನೆದು ಹಾಳಾಯಿತು. ಅದೇ ಮಳೆಗೆ ವರ್ಷಗಳಿಂದ ಬತ್ತಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಪಾಲಾರ್ ಕಣಿವೆಯ ಕೆರೆಗಳು ಉಕ್ಕಿದರೆ ಆ ನೀರು ತಮಿಳುನಾಡು ದಾಟಿ ಕಡೆಗೆ ಅದೇ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ನಾವು ಮನೆಯೊಳಗೆ ಕುಳಿತು ಕಾಯುವ ಇಂಥ ಗಾಳಿಯನ್ನು, ಮೂವತ್ತೆರಡು ಅಡಿ ಉದ್ದದ ದೋಣಿಯಲ್ಲಿ ಒಬ್ಬನೇ ಕುಳಿತು ಎದುರಿಸುವವರಿದ್ದಾರೆ. ಅದೂ ಪಂದ್ಯಕ್ಕಾಗಿ! ಈ ವಿಚಿತ್ರ ಸಾಹಸದ ಚರಿತ್ರೆಯಲ್ಲಿ ಭಾರತದ ಪಾಲೂ ಇದೆ ಎಂಬುದು ಅನೇಕರಿಗೆ ತಿಳಿಯದು.

1895ರಲ್ಲಿ ಅಮೆರಿಕದಿಂದ ಹೊರಟ ಜೋಶುವಾ ಸ್ಲೋಕಮ್ ಮೂರು ವರ್ಷಗಳಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿ ಬಂದ ಮೊದಲ ನಾವಿಕನೆನಿಸಿದ. ಆತನದು ಪಂದ್ಯವಲ್ಲ, ಪಯಣ. 1960ರಲ್ಲಿ ಐವರು ನಾವಿಕರು ಒಬ್ಬೊಬ್ಬರೇ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಪೈಪೋಟಿ ನಡೆಸಿದರು. ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ಗೆದ್ದರು. ಎಂಟು ವರ್ಷಗಳ ನಂತರ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಇನ್ನೂ ಕಠಿಣವಾದ ಪಂಥ ಹೂಡಿತು: ಎಲ್ಲೂ ನಿಲ್ಲದೆ, ಯಾರ ನೆರವೂ ಇಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿ ಬರಬೇಕು. ಅದೇ ಗೋಲ್ಡನ್ ಗ್ಲೋಬ್ ಪಂದ್ಯ.

ಹೊರಟವರು ಒಂಬತ್ತು ಮಂದಿ. ಗುರಿ ಮುಟ್ಟಿದವರು ಒಬ್ಬರೇ: ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ದೋಣಿ ‘ಸುಹೈಲಿ’ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. 1960ರ ದಶಕದಲ್ಲಿ ಅಲ್ಲಿನ ಕಸಬುದಾರರು ತೇಗದ ಮರದಿಂದ ಕಟ್ಟಿದ ದೋಣಿ ಅದು. ದಾರಿಯಲ್ಲಿ ರೇಡಿಯೊ ಕೆಟ್ಟಿತು, ಕುಡಿಯುವ ನೀರು ಕೆಟ್ಟಿತು, ದೋಣಿಯನ್ನು ತಾನಾಗಿ ದಿಕ್ಕಿಗೆ ನಿಲ್ಲಿಸುವ ಸಾಧನವೂ ಮುರಿಯಿತು. ಹಾಯಿಯಲ್ಲಿ ಹಿಡಿದ ಮಳೆನೀರು ಕುಡಿದು ಅವರು ಮುಂದೆ ಸಾಗಿದರು. ಮಳೆನೀರಿನ ಬೆಲೆ ಕೋಲಾರದವರಿಗೆ ಹೇಳಿಕೊಡಬೇಕಾಗಿಲ್ಲ. 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಸುಹೈಲಿ ಫಾಲ್ಮತ್ ಬಂದರಿಗೆ ಮರಳಿತು.

ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬಾತ ಸಾಲ ಮಾಡಿ, ತರಾತುರಿಯಲ್ಲಿ ಹೊರಟಿದ್ದ. ದೋಣಿ ಸೋರತೊಡಗಿತು. ಹಿಂದಿರುಗಿದರೆ ದಿವಾಳಿ, ಮುಂದೆ ಹೋದರೆ ಸಾವು. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಭೂಮಿ ಸುತ್ತುತ್ತಿರುವುದಾಗಿ ಸುಳ್ಳು ವರದಿ ಕಳಿಸಿದ. 1969ರ ಜುಲೈನಲ್ಲಿ ಖಾಲಿ ದೋಣಿ ಮಾತ್ರ ಸಿಕ್ಕಿತು. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ ಐದು ಸಾವಿರ ಪೌಂಡ್ ಬಹುಮಾನವನ್ನು ಆತನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟರು.

ಇಷ್ಟು ಪುಟ್ಟ ದೋಣಿ ಬಿರುಗಾಳಿಯನ್ನು ತಡೆಯುವುದಾದರೂ ಹೇಗೆ? ದೋಣಿಯ ತಳದಲ್ಲಿ ಭಾರವಾದ ಲೋಹ ಕೂರಿಸಿರುತ್ತಾರೆ. ಅಲೆ ಹೊಡೆದು ಮಗುಚಿದರೂ ಆ ಭಾರ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ, ತಲೆಯಾಡಿಸುವ ಗೊಂಬೆಯ ಹಾಗೆ. ಗಾಳಿ ಹೆಚ್ಚಿದಂತೆ ಹಾಯಿಯನ್ನು ಮಡಿಸಿ ಕಿರಿದು ಮಾಡಬೇಕು. ಇನ್ನೂ ಹೆಚ್ಚಿದರೆ ಹಗ್ಗಗಳನ್ನು ಹಿಂದೆ ಎಳೆಬಿಟ್ಟು ವೇಗ ತಗ್ಗಿಸಬೇಕು. ಇಲ್ಲವಾದರೆ ದೋಣಿ ಅಲೆಯ ನೆತ್ತಿಯಿಂದ ಜಾರಿ ಮುಗ್ಗರಿಸುತ್ತದೆ. ಇದೆಲ್ಲವನ್ನೂ ಒಬ್ಬನೇ ಮಾಡಬೇಕು, ತುಣುಕು ತುಣುಕು ನಿದ್ದೆಯಲ್ಲಿ.

2009-10ರಲ್ಲಿ ನೌಕಾಪಡೆಯ ದಿಲೀಪ್ ದೊಂದೆ ಗೋವಾದಲ್ಲಿ ಕಟ್ಟಿದ ‘ಮಾದೇಯಿ’ ದೋಣಿಯಲ್ಲಿ, ಕೆಲವು ಬಂದರುಗಳಲ್ಲಿ ತಂಗುತ್ತ, ಒಬ್ಬರೇ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ಕೇರಳ ಮೂಲದ ಅಭಿಲಾಷ್ ಟಾಮಿ 2012ರ ನವೆಂಬರಿನಲ್ಲಿ ಅದೇ ದೋಣಿಯಲ್ಲಿ ಮುಂಬಯಿಯಿಂದ ಹೊರಟು, ಎಲ್ಲೂ ನಿಲ್ಲದೆ 2013ರ ಮಾರ್ಚ್ 31ರಂದು ಮರಳಿದರು.

ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಐವತ್ತು ವರ್ಷ ತುಂಬಿದಾಗ, 2018ರಲ್ಲಿ ಅದನ್ನು ಹಳೆಯ ಕಾಲದ ಸಲಕರಣೆಗಳಿಂದಲೇ ಮತ್ತೆ ನಡೆಸಲಾಯಿತು. ಉಪಗ್ರಹದ ದಾರಿಸೂಚಿ ಬಳಸುವಂತಿರಲಿಲ್ಲ; ಸೂರ್ಯ, ನಕ್ಷತ್ರಗಳೇ ದಿಕ್ಕು. ಅಭಿಲಾಷ್ ಅವರ ‘ತುರೀಯ’ ದೋಣಿ ಗೋವಾದಲ್ಲಿ ಸುಹೈಲಿಯ ಮಾದರಿಯಲ್ಲೇ ತಯಾರಾಯಿತು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿ ಬಡಿಯಿತು. ದೋಣಿ ಮಗುಚಿತು, ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಮೂರು ದಿನಗಳ ನಂತರ ‘ಒಸಿರಿಸ್’ ಎಂಬ ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು. ಪ್ರತಿಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಕೂಡ ತಮ್ಮ ಮುರಿದ ದೋಣಿಯಲ್ಲೇ ಅವರತ್ತ ಹೊರಟಿದ್ದರು.

ಶಸ್ತ್ರಚಿಕಿತ್ಸೆಯಾದ ಬೆನ್ನಿನಲ್ಲೇ ಅಭಿಲಾಷ್ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪಂದ್ಯಕ್ಕಿಳಿದರು. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಫ್ರಾನ್ಸಿನ ದಡ ಮುಟ್ಟಿದರು. ಮೊದಲಿಗರಾದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೊಯ್‌ಶೇಫರ್. ಒಬ್ಬಂಟಿಯಾಗಿ ಭೂಮಿ ಸುತ್ತುವ ಪಂದ್ಯ ಗೆದ್ದ ಮೊದಲ ಮಹಿಳೆ ಆಕೆ. ನಡುವೆ ದೋಣಿ ಮುಳುಗಿ ತೇಲುತ್ತಿದ್ದ ಪ್ರತಿಸ್ಪರ್ಧಿ ತಾಪಿಯೊ ಲೆಹ್ಟಿನೆನ್ ಅವರನ್ನು ಹುಡುಕಿ ರಕ್ಷಿಸಿ, ಆನಂತರ ಪಂದ್ಯ ಮುಂದುವರಿಸಿದ್ದರು.

ಪಂದ್ಯ ಒಬ್ಬಂಟಿಯದೇ ಇರಬಹುದು. ಆದರೆ ಈ ಚರಿತ್ರೆಯಲ್ಲಿ ಉಳಿದಿರುವುದು ಗೆದ್ದವರ ದಿನಗಳ ಲೆಕ್ಕ ಮಾತ್ರವಲ್ಲ. ಬಹುಮಾನ ಬಿಟ್ಟುಕೊಟ್ಟವರು, ದಾರಿ ಬದಲಿಸಿ ಮತ್ತೊಬ್ಬರ ಜೀವ ಉಳಿಸಿದವರೂ ಉಳಿದಿದ್ದಾರೆ. ಗಾಳಿಯಿಲ್ಲದೆ ಹಾಯಿ ಸಾಗದು, ಮಳೆಯಿಲ್ಲದೆ ಕೆರೆ ತುಂಬದು. ಎರಡೂ ಅಳತೆ ಮೀರಿ ಬರುವುದುಂಟು. ಆಗ ಬೇಕಾಗುವುದು ಪಕ್ಕದವರ ಕೈ. ಮುಂದಿನ ಸಲ ವಾಯುಭಾರ ಕುಸಿತದ ಸುದ್ದಿ ಕೇಳಿದಾಗ, ನಮ್ಮ ಕೆರೆಯ ಜೊತೆಗೆ ಕಡಲಲ್ಲಿರುವ ಒಂಟಿ ಹಾಯಿಯೂ ಒಮ್ಮೆ ನೆನಪಾಗಲಿ.