ಶಾಲೆಯ ಜಗಳ, ಊರಿನ ಜಗಳ

ಮಕ್ಕಳ ಜಗಳ ಮುಂದಿನ ಗಂಟೆ ಬಾರಿಸುವುದರೊಳಗೆ ಮುಗಿದಿರುತ್ತದೆ; ಹಿರಿಯರು ಅದರೊಳಗೆ ಕಾಲಿಟ್ಟರೆ ಹೊತ್ತು ಮುಳುಗಿದರೂ ಮುಗಿಯದು. ಶಾಲೆಯ ವ್ಯಾಜ್ಯಗಳ ಚರಿತ್ರೆಯಲ್ಲಿ ನನಗೆ ಮತ್ತೆ ಮತ್ತೆ ಕಂಡದ್ದು ಇದೇ.

೨೦೨೫ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ನಡೆದುದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಗುಡಿಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಕೊಡಕೂಡದೆಂದು ಒಂದು ಕಡೆಯವರು, ಕೊಡಲೇಬೇಕೆಂದು ಇನ್ನೊಂದು ಕಡೆಯವರು. ಮಾತು ಬೆಳೆದು, ಅನೇಕ ಪೋಷಕರು ವರ್ಗಾವಣೆ ಪತ್ರ ಪಡೆದು ಮಕ್ಕಳನ್ನು ಶಾಲೆ ಬಿಡಿಸಿದರು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಸರ್ಕಾರದ ಯೋಜನೆಯಲ್ಲೇ ಇತ್ತು. ಹಿರಿಯರು ತಂತಮ್ಮ ಹಟವನ್ನು ಉಳಿಸಿಕೊಂಡರು. ಅಗಲಿದವರು ಒಂದೇ ಬೆಂಚಿನ ಗೆಳೆಯರು.

ಮಕ್ಕಳನ್ನು ಬಿಡಿಸಿಕೊಳ್ಳುವ ಈ ಅಸ್ತ್ರ ಹೊಸದಲ್ಲ. ೧೯೧೫ರಲ್ಲಿ ಮೈಸೂರು ಸರ್ಕಾರ ಸಾರ್ವಜನಿಕ ಶಾಲೆಗಳ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಾಗ, ಮೇಲುಜಾತಿಯ ಕೆಲವರು ತಮ್ಮ ಮಕ್ಕಳನ್ನು ಮನೆಗೆ ಕರೆದೊಯ್ದರು. ಸರ್ಕಾರ ಜಗ್ಗಲಿಲ್ಲ, ಜಗ್ಗದಿದ್ದುದೇ ಸರಿ. ಮಗು ಶಾಲೆಯೊಳಕ್ಕೆ ಬರುವ ಹಕ್ಕು ಪಂಚಾಯಿತಿಯಲ್ಲಿ ಚೌಕಾಸಿ ಮಾಡತಕ್ಕ ವಸ್ತುವಲ್ಲ. ಆದರೆ ಬಾಗಿಲು ತೆರೆದ ಮೇಲೆ ಒಳಗಿರುವವರು ಕೂಡಿ ಬಾಳುವುದು ಹೇಗೆ? ಆಜ್ಞೆಯೊಂದರಿಂದಲೇ ಆಗುವ ಕೆಲಸವಲ್ಲ ಅದು.

ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಪರೀಕ್ಷೆಗೊಡ್ಡಿದವರು ಮುಜಫರ್ ಶರೀಫ್ ಎಂಬ ಮನಶ್ಶಾಸ್ತ್ರಜ್ಞರು. ೧೯೫೪ರ ಬೇಸಿಗೆಯಲ್ಲಿ ಓಕ್ಲಹಾಮದ ಒಂದು ಶಿಬಿರಕ್ಕೆ ಅವರು ಹನ್ನೊಂದು ಹನ್ನೆರಡು ವಯಸ್ಸಿನ ೨೨ ಹುಡುಗರನ್ನು ಕರೆತಂದು, ಎರಡು ತಂಡ ಮಾಡಿ, ಪಂದ್ಯ ಹೂಡಿದರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು. ರಾಜಿಯಾಗಲೆಂದು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅನ್ನವನ್ನೇ ಎರಚಾಡಿಕೊಂಡರು! ಕೊನೆಗೆ ನೀರಿನ ಸರಬರಾಜು ನಿಂತಿತು, ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು, ಇವೂ ಏರ್ಪಡಿಸಿದವುಗಳೇ. ಎರಡು ತಂಡದವರೂ ಒಂದೇ ಹಗ್ಗ ಹಿಡಿದು ಲಾರಿ ಎಳೆಯಬೇಕಾಯಿತು. ಇಂಥ ಕೆಲಸಗಳು ಒಂದಾದ ಮೇಲೊಂದು ಬಂದಂತೆ ಹಗೆ ಕರಗಿತು.

ಇದಕ್ಕೆ ಒಂದು ವರ್ಷ ಮುಂಚೆ, ೧೯೫೩ರಲ್ಲಿ, ಇಂಥದೇ ಇನ್ನೊಂದು ಶಿಬಿರ ಕೆಟ್ಟುಹೋಗಿತ್ತು. ಹಿರಿಯರೇ ತಮ್ಮನ್ನು ಎತ್ತಿಕಟ್ಟುತ್ತಿರುವರೆಂದು ಹುಡುಗರಿಗೆ ಅನುಮಾನ ಬಂದಿತ್ತು. ಅವರು ಜಗಳವಾಡಲು ಒಪ್ಪಲೇ ಇಲ್ಲ. ನನಗಂತೂ ಗೆದ್ದ ಪ್ರಯೋಗಕ್ಕಿಂತ ಈ ಸೋತ ಪ್ರಯೋಗವೇ ಹೆಚ್ಚು ಕಲಿಸಿತು.

ಕೂಡಿ ಉಂಡರೆ ಸಾಲದು, ಕೂಡಿ ದುಡಿಯಬೇಕು ಎಂಬುದನ್ನು ನಮ್ಮ ರೈತರಿಗೆ ಓಕ್ಲಹಾಮದವರು ಹೇಳಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ವಿಶ್ವೇಶ್ವರಯ್ಯ ನಾಲೆ ನೀರುಣಿಸುತ್ತದಷ್ಟೆ. ಮೇಲಿನ ಗದ್ದೆಯವನಿಗೂ ಕೆಳಗಿನ ಗದ್ದೆಯವನಿಗೂ ನೀರಿನ ತಕರಾರು ತಪ್ಪಿದ್ದಲ್ಲ. ಆದರೆ ಕಾಲುವೆಯ ಹೂಳು ತೆಗೆಯದೆ ಇಬ್ಬರ ಪೈರೂ ನಿಲ್ಲದು.

ಶಾಲೆಗೂ ಅಂಥ ಕಾಲುವೆಯೊಂದಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಮಗುವನ್ನು ಹೊಡೆಯುವುದನ್ನು ನಿಷೇಧಿಸಿತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನವನ್ನು ಪೋಷಕರಿಗೇ ಕೊಟ್ಟಿತು. ಮೊಟ್ಟೆ ಬೇಕೆನ್ನುವವರೂ ಬೇಡವೆನ್ನುವವರೂ ಅಲ್ಲಿ ಕೂತು ಮೊದಲು ಸೋರುವ ಹೆಂಚು, ಕುಡಿಯುವ ನೀರು, ಕಡಮೆಯಾದ ಮೇಷ್ಟರ ವಿಚಾರ ಮಾತಾಡಲಿ. ಕೆಲಸ ಕೂಡಿ ಮಾಡಿದವರಿಗೆ ತಟ್ಟೆಯ ವಿಚಾರ ಅಷ್ಟು ಕಠಿಣವಾಗಿ ತೋರದು. ಅದುವರೆಗೆ ಮಕ್ಕಳನ್ನು ಮಾತ್ರ ಬೆಂಚಿನಿಂದ ಎಬ್ಬಿಸದಿರೋಣ.