ಸಂಬಳ ಮತ್ತು ತೆರಿಗೆ: ವಾರ್ಷಿಕ ಲೆಕ್ಕದ ಚರಿತ್ರೆ

ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಯ ವರ್ಣನೆಯಿದೆ. ಅಲ್ಲಿ ಆಷಾಢಕ್ಕೆ ವರ್ಷದ ಲೆಕ್ಕ ಮುಗಿಯುತ್ತದೆ. ಅಧಿಕಾರಿಗಳು ಮುದ್ರೆಯೊತ್ತಿದ ಲೆಕ್ಕದ ಹೊತ್ತಗೆಗಳನ್ನೂ ಉಳಿಕೆಯ ಹಣವನ್ನೂ ತಂದು ಹಾಜರಾಗಬೇಕು. ಪರಸ್ಪರ ಮಾತನಾಡಲು ಅವರಿಗೆ ಅವಕಾಶವಿಲ್ಲ. ಇಂದು ಸಂಬಳದಾರರು ಆದಾಯ ತೆರಿಗೆಯ ವಿವರಪತ್ರ ಸಲ್ಲಿಸುವ ಜುಲೈ ತಿಂಗಳೂ ಹೆಚ್ಚುಕಡಿಮೆ ಆಷಾಢವೇ. ಆದರೆ ಈ ಹೋಲಿಕೆಯ ಮೇಲೆ ಪರಂಪರೆಯೊಂದನ್ನು ಕಟ್ಟುವುದು ಸಲ್ಲದು. ಅಕ್ಷಪಟಲಕ್ಕೆ ಬರುತ್ತಿದ್ದವನು ಅರಸನ ಹಣವನ್ನು ನಿರ್ವಹಿಸಿದವನು. ಇಂದಿನವನು ಲೆಕ್ಕ ಕೊಡುವುದು ತನ್ನದೇ ದುಡಿಮೆಯ ಹಣಕ್ಕೆ.

ಕನ್ನಡ ಶಾಸನಗಳು ಸಿದ್ಧಾಯ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆ ಸುಂಕಗಳನ್ನು ಹೆಸರಿಸುತ್ತವೆ. ಇವುಗಳ ಕಣ್ಣು ಮುಖ್ಯವಾಗಿ ಭೂಮಿಯ ಮೇಲೆ, ದಾರಿಯಲ್ಲಿ ಸಾಗುವ ಸರಕಿನ ಮೇಲೆ. ರಾಜಸೇವೆಗೆ ಪ್ರತಿಫಲವಾಗಿ ಭೂಮಿಯೇ ಜೀವಿತವಾಗಿಯೋ ಉಂಬಳಿಯಾಗಿಯೋ ದೊರೆಯುವುದು ವಾಡಿಕೆಯಾಗಿತ್ತು. ತಿಂಗಳ ನಗದನ್ನೇ ನಂಬಿ ಬಾಳುವ ದೊಡ್ಡ ವರ್ಗವೊಂದು ಬೆಳೆದದ್ದು ಬ್ರಿಟಿಷರ ಕಚೇರಿಗಳ ಕಾಲದಲ್ಲಿ. ‘ಸಂಬಳ’ದ ಮೂಲವಾದ ಸಂಸ್ಕೃತದ ‘ಶಂಬಲ’ಕ್ಕೆ ದಾರಿಯ ಬುತ್ತಿ ಎಂದು ಅರ್ಥ. ಆ ಬುತ್ತಿಯಲ್ಲಿ ಪಾಲು ಕೇಳುವ ಕಾನೂನು 1860ರಲ್ಲಿ ಬಂದಿತು.

1857ರ ದಂಗೆಯನ್ನು ಅಡಗಿಸಲು ಮಾಡಿದ ವೆಚ್ಚದಿಂದ ಬೊಕ್ಕಸ ಬರಿದಾಗಿತ್ತು. ಅದನ್ನು ಸರಿಪಡಿಸಲು ಇಂಗ್ಲೆಂಡಿನಿಂದ ಬಂದವನು ‘ದಿ ಎಕನಾಮಿಸ್ಟ್’ ಪತ್ರಿಕೆಯ ಸ್ಥಾಪಕ ಜೇಮ್ಸ್ ವಿಲ್ಸನ್. ಅವನ ಆದಾಯ ತೆರಿಗೆ ಕಾಯ್ದೆ 1860ರ ಜುಲೈ 24ರಂದು ಜಾರಿಗೆ ಬಂದಿತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರಿಗೆ ವಿನಾಯಿತಿ; 500ರ ಒಳಗಿನವರಿಗೆ ಶೇಕಡ 2; ಅದಕ್ಕೂ ಮೇಲಿನವರಿಗೆ ಶೇಕಡ 4. ಈ ತೆರಿಗೆಗೆ ಬಲವಾದ ವಿರೋಧ ಬಂದದ್ದು ಆಳುವವರ ಒಳಗಿನಿಂದಲೇ. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಅದನ್ನು ಬಹಿರಂಗವಾಗಿ ಖಂಡಿಸಿ ಹುದ್ದೆ ಕಳೆದುಕೊಂಡನು. ವಿಲ್ಸನ್ನನೂ ಉಳಿಯಲಿಲ್ಲ, ಕಾಯ್ದೆ ಜಾರಿಯಾದ ಮೂರು ವಾರಗಳೊಳಗೆ ಕಲ್ಕತ್ತೆಯಲ್ಲಿ ರಕ್ತಭೇದಿಯಿಂದ ತೀರಿಕೊಂಡನು. ಐದು ವರ್ಷಗಳ ಬಳಿಕ ತೆರಿಗೆಯೂ ನಿಂತಿತು.

ಗಟ್ಟಿಯಾಗಿ ನೆಲೆಯೂರಿದ್ದು 1886ರ ಕಾಯ್ದೆ. ಅದು ಕೃಷಿ ಆದಾಯವನ್ನು ಹೊರಗಿಟ್ಟಿತು, ಭೂಮಾಲೀಕರು ಪಾರಾದರು. ಆದಾಯವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಸಂಬಳವನ್ನು ಮೊದಲನೆಯದಾಗಿ ಇರಿಸಿತು. ವಾರ್ಷಿಕ 2000 ರೂಪಾಯಿ ಮುಟ್ಟಿದವರಿಗೆ ರೂಪಾಯಿಗೆ ಐದು ಪೈ ತೆರಿಗೆ. ರೂಪಾಯಿಗೆ 192 ಪೈಗಳಿದ್ದ ಕಾಲದಲ್ಲಿ ಇದು ಶೇಕಡ ಎರಡೂವರೆಗಿಂತ ತುಸು ಹೆಚ್ಚು. ವರ್ತಕನ ಲಾಭವನ್ನು ಅಧಿಕಾರಿ ಅಂದಾಜು ಮಾಡಬೇಕಿತ್ತು; ಗುಮಾಸ್ತನ ಸಂಬಳದಿಂದ ತೆರಿಗೆಯನ್ನು ಬಟವಾಡೆಯ ಹೊತ್ತಿನಲ್ಲೇ ಹಿಡಿದುಕೊಂಡರೆ ಸಾಕಾಗಿತ್ತು. ಸಂಬಳದಾರನು ಇತರರಿಗಿಂತ ಪ್ರಾಮಾಣಿಕನೆಂದು ಹೊಗಳುವ ವಾಡಿಕೆಯಿದೆ. ವಾಸ್ತವದಲ್ಲಿ ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಜೀವವಿಮೆಯ ಕಂತಿಗೆ, ಆದಾಯದ ಆರನೆಯ ಒಂದು ಭಾಗದ ಮಿತಿಯಲ್ಲಿ, ರಿಯಾಯಿತಿ ದೊರೆತದ್ದೂ ಇದೇ ಕಾಯ್ದೆಯಲ್ಲಿ. ಮುಂದೆ ಪ್ರತಿ ಜನವರಿಯಲ್ಲಿ ನೌಕರರು ವಿಮೆಯ ರಸೀದಿಗಾಗಿ ಪೆಟ್ಟಿಗೆ ತಡಕುವುದಕ್ಕೆ ಬೀಜ ಇಲ್ಲಿಯೇ ಬಿದ್ದಿತೆನ್ನಬಹುದು.

1922ರ ಕಾಯ್ದೆ ಈ ಏರ್ಪಾಟನ್ನು ಮುಂದುವರಿಸಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ತೆರಿಗೆ ಶಾಸನವಿತ್ತು; 1950ರ ಏಪ್ರಿಲ್‌ನಿಂದ ಭಾರತದ ಕಾಯ್ದೆ ಅಲ್ಲಿಗೂ ವಿಸ್ತರಿಸಿತು. 1962ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 1961ರ ಕಾಯ್ದೆ ಉದ್ಯೋಗದಾತನನ್ನು ಅಕ್ಷರಶಃ ಸರ್ಕಾರದ ಕರಣಿಕನನ್ನಾಗಿಸಿತು. ಇಡೀ ವರ್ಷದ ಸಂಬಳವನ್ನು ಮೊದಲೇ ಅಂದಾಜಿಸಿ, ಸರಾಸರಿ ದರದಲ್ಲಿ ತಿಂಗಳು ತಿಂಗಳೂ ಕಡಿತ ಮಾಡುವುದು ಅವನ ಹೊಣೆ. ನೌಕರನು ಮನೆ ಬಾಡಿಗೆ, ವಿಮೆ, ಭವಿಷ್ಯನಿಧಿ, ಗೃಹಸಾಲದ ಬಡ್ಡಿಗಳನ್ನು ಘೋಷಿಸಿ, ವರ್ಷ ಮುಗಿಯುವ ಮುನ್ನ ರುಜುವಾತು ಒದಗಿಸಬೇಕು. ಒದಗಿಸದಿದ್ದರೆ ಬಾಕಿ ತೆರಿಗೆಯೆಲ್ಲ ಫೆಬ್ರವರಿ, ಮಾರ್ಚ್ ತಿಂಗಳ ಸಂಬಳದ ಮೇಲೆ ಒಮ್ಮೆಲೇ ಎರಗುತ್ತದೆ. ಬಾಡಿಗೆ ಭತ್ಯೆಯ ನಿಯಮದ ಒಂದು ವೈಚಿತ್ರ್ಯ ಇಲ್ಲಿ ಉಲ್ಲೇಖಾರ್ಹ: ಸಂಬಳದ ಅರ್ಧದವರೆಗೆ ವಿನಾಯಿತಿ ದೀರ್ಘಕಾಲ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಿಗೆ ಮಾತ್ರ ಮೀಸಲಾಗಿತ್ತು. ಬಾಡಿಗೆ ಎಷ್ಟೇ ಏರಿದರೂ ಬೆಂಗಳೂರಿಗೆ ಆಗ ಶೇಕಡ 40ರ ಮಿತಿಯಿತ್ತು.

ಕಡಿತವು ಅಂದಾಜಾದುದರಿಂದ ಅಂತಿಮ ಲೆಕ್ಕ ಬೇರೆಯೇ ಆಗಬೇಕಾಯಿತು. 1961ರ ಕಾಯ್ದೆಯಡಿ ಉದ್ಯೋಗದಾತನು ಕೊಡುತ್ತಿದ್ದ ಫಾರಂ 16, ಇಲಾಖೆಯ ದಾಖಲೆಯಾಗಿದ್ದ ಫಾರಂ 26ಎಎಸ್, ನೌಕರನ ವೇತನ ಚೀಟಿ, ಈ ಮೂರೂ ಹೊಂದಬೇಕಿತ್ತು. ಹೊಂದದಿದ್ದಾಗಲೇ ಈ ಲೆಕ್ಕದ ನಿಜವಾದ ತೂಕ ತಿಳಿಯುವುದು. ಸಂಬಳದಿಂದ ಕಡಿತವಾದ ತೆರಿಗೆ ಸರ್ಕಾರಕ್ಕೆ ತಲಪದೆ ಹೋದರೆ ಅದು ಯಾರ ತಪ್ಪು? ಕಡಿತವಾದ ಮೊತ್ತವನ್ನು ಮತ್ತೆ ನೌಕರನಿಂದಲೇ ಕೇಳಕೂಡದೆಂದು 1961ರ ಕಾಯ್ದೆಯ 205ನೆಯ ಕಲಮು ಸ್ಪಷ್ಟವಾಗಿ ಹೇಳಿತು. ಆದರೆ ಇಲಾಖೆಯ ದಾಖಲೆಯಲ್ಲಿ ಆ ಮೊತ್ತ ಕಾಣಿಸದಿದ್ದರೆ, ಕಡಿತವಾದುದನ್ನು ತೋರಿಸಿಕೊಡುವ ಕಷ್ಟ ಅವನ ಪಾಲಿಗೇ ಬರುತ್ತದೆ. ಆಗ ಅವನ ಆಧಾರ ಹಳೆಯ ವೇತನ ಚೀಟಿಗಳು, ಬ್ಯಾಂಕಿನ ಲೆಕ್ಕದ ವಿವರ. ಹಿಂದಿನ ಶಾನುಭೋಗರು ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಅದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ‘ಕಡತ’ವೆಂಬ ಹೆಸರು ಇಂದಿನ ಕಚೇರಿಗೂ ಬಂದಿದೆ, ಅಳಿಸುವ ಅನುಕೂಲ ಬಂದಿಲ್ಲ.

2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿ 2023–24ರಿಂದ ತಾನಾಗಿಯೇ ಅನ್ವಯಿಸುತ್ತದೆ. ಹಳೆಯದು ಬೇಕಾದವರು ಕೇಳಿ ಪಡೆಯಬೇಕು. ಹೊಸದರಲ್ಲಿ ದರ ಕಡಿಮೆ. ಸಂಬಳದಾರರಿಗೆ 75,000 ರೂಪಾಯಿಯ ಪ್ರಮಾಣಿತ ಕಡಿತ ಉಳಿದಿದೆ, ಬಾಡಿಗೆಯ ರಸೀದಿಗೆ ಬೆಲೆಯಿಲ್ಲ. 1886ರಿಂದ ಬಂದ ವಿಮೆಯ ರಿಯಾಯಿತಿಯ ಎಳೆಯೂ ಅಲ್ಲಿ ಕಡಿದಿದೆ. 2025ರ ಹೊಸ ಕಾಯ್ದೆ ‘ಹಿಂದಿನ ವರ್ಷ’, ‘ನಿರ್ಧಾರಣಾ ವರ್ಷ’ ಎಂಬ ಗೊಂದಲದ ಜೋಡಿಯನ್ನು ಕೈಬಿಟ್ಟು ‘ತೆರಿಗೆ ವರ್ಷ’ ಎಂಬ ಒಂದೇ ಮಾತನ್ನು ತಂದಿತು. ತಿಂಗಳ ಕಡಿತ ಮಾತ್ರ ನಿಂತಿಲ್ಲ, ವೇತನ ಚೀಟಿಯನ್ನು ಎತ್ತಿಡುವ ಅಗತ್ಯವೂ ತಪ್ಪಿಲ್ಲ.