ಲಲಿತಾಜಿ ಮತ್ತು ನನ್ನ ಜಮಾಖರ್ಚಿನ ವಹಿ

ಈ ಸಲದ ಅರಿಸಿನ-ಕುಂಕುಮದ ದಿನ ನಮ್ಮ ಮಹಿಳಾ ವಿಭಾಗದವರು ಒಂದು ಆಟ ಆಡಿಸಿದರು. ಹಳೆಯ ಟಿವಿ ಜಾಹೀರಾತುಗಳ ಸಂಗೀತವನ್ನು ಮೊಬೈಲಿನಲ್ಲಿ ಎರಡೇ ಸೆಕೆಂಡು ಕೇಳಿಸುವುದು, ಅದು ಯಾವ ವಸ್ತುವಿನದು ಎಂದು ನಾವು ಹೇಳುವುದು. ಮೊಮ್ಮಕ್ಕಳ ಹೆಸರನ್ನೇ ಒಮ್ಮೊಮ್ಮೆ ಅದಲುಬದಲು ಮಾಡುವ ನಮ್ಮಂಥ ಅಜ್ಜಿಯಂದಿರು ಒಂದನ್ನೂ ತಪ್ಪಲಿಲ್ಲ. ನನಗೆ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿಯೂ ಬಂತು. ಆಗ ಕಿರಿಯ ಸದಸ್ಯೆಯೊಬ್ಬಳು ಕೇಳಿದಳು: "ಆಂಟಿ, ಇಷ್ಟೆಲ್ಲ ನೆನಪಿದೆಯಲ್ಲ, ಇವನ್ನೆಲ್ಲ ನೀವು ಕೊಂಡಿದ್ದೀರಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಮಾಳಿಗೆಯ ಮೇಲಿನ ಟ್ರಂಕಿನಿಂದ ನನ್ನ ಹಳೆಯ ಜಮಾಖರ್ಚಿನ ವಹಿಗಳನ್ನು ಇಳಿಸಿದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ನನ್ನದೇ ಕೈಬರಹ. ಎರಡು ದಿನ ಅವನ್ನು ಓದಿದ ಮೇಲೆ ಒಂದು ಮಾತು ತಿಳಿಯಿತು. ಜಾಹೀರಾತು ನೆನಪಿನಲ್ಲಿ ಉಳಿಯುವುದು ಬೇರೆ, ವಹಿಯೊಳಗೆ ಬರುವುದು ಬೇರೆ. ಆ ಎರಡರ ನಡುವೆ ಒಬ್ಬ ಗೃಹಿಣಿಯ ಬುದ್ಧಿ ನಿಂತಿರುತ್ತದೆ. ಅದಕ್ಕೆ ಮರ್ಯಾದೆ ಕೊಟ್ಟ ಜಾಹೀರಾತು ಗೆದ್ದಿದೆ, ಅದಕ್ಕೆ ಪಾಠ ಹೇಳಲು ಬಂದದ್ದು ಸೋತಿದೆ. ಈ ಇತಿಹಾಸದ ದೊಡ್ಡ ಭಾಗ ನಾವಿರುವ ಡೊಂಬಿವಲಿ, ಥಾಣೆ, ನವಿ ಮುಂಬಯಿಗಳಲ್ಲೇ ನಡೆದಿದೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ನಾನು 1981ರಲ್ಲಿ ಮದುವೆಯಾಗಿ ಧಾರವಾಡದಿಂದ ಡೊಂಬಿವಲಿಗೆ ಬಂದೆ. ಯಜಮಾನರು ಪರೇಲ್ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಚಾಳಿನ ಎರಡು ಖೋಲಿಗಳಲ್ಲಿ ನಾವು, ಅತ್ತೆ-ಮಾವ, ಒಬ್ಬ ಮೈದುನ. ವರ್ಷ ತುಂಬುವುದರೊಳಗೆ, 1982ರ ಜನವರಿ 18ರಂದು, ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಇಂದು ಮುಗಿದೀತು, ನಾಳೆ ಮುಗಿದೀತು ಎಂದು ಕಾದದ್ದೇ ಬಂತು. ಪಗಾರ ನಿಂತಿತು. ನಾನು ಸೀರೆಗಳಿಗೆ ಫಾಲ್ ಹಚ್ಚಿಕೊಡಲು ಆರಂಭಿಸಿದೆ. ವಹಿ ಬರೆಯುವ ಅಭ್ಯಾಸ ಬಿದ್ದದ್ದೂ ಆಗಲೇ. ಪ್ರತಿ ಎಂಟಾಣೆ ಎಲ್ಲಿಗೆ ಹೋಯಿತು ಎಂದು ಅತ್ತೆಯವರು ರಾತ್ರಿ ಕೇಳುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ.

ಟಿವಿ ಇದ್ದದ್ದು ಪಕ್ಕದ ಮರಾಠಿ ವಹಿನಿಯವರ ಮನೆಯಲ್ಲಿ. ಮುಂಬಯಿ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಮೊದಲು ಅದರಲ್ಲಿ ಜಾಹೀರಾತುಗಳೇ ಇರಲಿಲ್ಲ. 1976ರ ಜನವರಿ 1ರಿಂದ ದೂರದರ್ಶನ ಜಾಹೀರಾತುಗಳಿಗೆ ಬಾಗಿಲು ತೆರೆಯಿತು, 1982ರಲ್ಲಿ ಬಣ್ಣ ಬಂತು, 1984ರಿಂದ ಕಂಪನಿಗಳೇ ಪ್ರಾಯೋಜಿಸುವ ಧಾರಾವಾಹಿಗಳು ಬಂದವು. ಬೇರೆ ಚಾನೆಲ್ ಇಲ್ಲ, ಬದಲಿಸಲು ಕೈಯಲ್ಲಿ ರಿಮೋಟ್ ಇಲ್ಲ. ಇಡೀ ಚಾಳು ಒಂದೇ ಜಾಹೀರಾತನ್ನು ಒಟ್ಟಿಗೆ ನೋಡುತ್ತಿತ್ತು. ನನ್ನ ಹಿಂದಿ ಅರ್ಧ ಕಲಿತದ್ದೇ ಅವುಗಳಿಂದ.

ಆ ಕಾಲದ ದೊಡ್ಡ ಯುದ್ಧ ನಡೆದದ್ದು ಬಟ್ಟೆ ಒಗೆಯುವ ಪುಡಿಯದು. ಸರ್ಫ್ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಹತ್ತು ವರ್ಷದ ನಂತರ, 1969ರಲ್ಲಿ, ಅಹಮದಾಬಾದಿನಲ್ಲಿ ಸರಕಾರಿ ನೌಕರಿಯಲ್ಲಿದ್ದ ಕರ್ಸನ್‌ಭಾಯಿ ಪಟೇಲ್ ಎಂಬ ರಸಾಯನಶಾಸ್ತ್ರ ಕಲಿತ ವ್ಯಕ್ತಿ ಮನೆಯಲ್ಲೇ ಪುಡಿ ತಯಾರಿಸಿ ಸೈಕಲ್ ಮೇಲೆ ಮನೆಮನೆಗೆ ಮಾರಲು ಹೊರಟರು. ಮಗಳ ಹೆಸರು ನಿರುಪಮಾ, ಪುಡಿಯ ಹೆಸರು ನಿರ್ಮಾ. ಆರಂಭದ ದಿನಗಳಲ್ಲಿ ಅದರ ಬೆಲೆ ಕಿಲೋಗೆ ಮೂರು ರೂಪಾಯಿಯ ಆಸುಪಾಸು. ಸರ್ಫಿನದು ಅದರ ನಾಲ್ಕು ಪಟ್ಟು. ಮುಂದೆ ಟಿವಿಯಲ್ಲಿ ಬಿಳಿ ಫ್ರಾಕಿನ ಹುಡುಗಿ ಗಿರಗಿರನೆ ತಿರುಗಿದಳು, ಹಾಡು ಮಕ್ಕಳ ಬಾಯಿಗೆ ಬಂತು. 1980ರ ದಶಕದ ಮಧ್ಯದ ಹೊತ್ತಿಗೆ ನಿರ್ಮಾ ಮಾರಾಟದಲ್ಲಿ ಸರ್ಫನ್ನು ಹಿಂದೆ ಹಾಕಿತ್ತು.

ಇದಕ್ಕೆ ಸರ್ಫಿನ ಕಂಪನಿ ಹಿಂದೂಸ್ತಾನ್ ಲೀವರ್ ಕೊಟ್ಟ ಉತ್ತರವೇ ಲಲಿತಾಜಿ. ಲಿಂಟಾಸ್ ಸಂಸ್ಥೆಯ ಅಲೀಕ್ ಪದಮ್‌ಸಿ ಈ ಪಾತ್ರದ ಹಿಂದಿದ್ದವರು. ಕೈಯಲ್ಲಿ ಹಣವಿದ್ದರೂ ತರಕಾರಿಯವನೊಂದಿಗೆ ಚೌಕಾಶಿ ಬಿಡದ ತಮ್ಮ ತಾಯಿಯೇ ಇದಕ್ಕೆ ಸ್ಫೂರ್ತಿ ಎಂದು ಅವರೇ ಹೇಳಿಕೊಂಡಿದ್ದಾರೆ. ಪಾತ್ರ ಮಾಡಿದವರು ಕವಿತಾ ಚೌಧರಿ, ಮುಂದೆ 'ಉಡಾನ್' ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಯಾಗಿ ನಮ್ಮೆಲ್ಲರ ಮನಸ್ಸು ಗೆದ್ದವರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಮನೆಯವರೇ ಯಾರೋ ಹೋದಂತೆ ಅನಿಸಿತು. ಲಲಿತಾಜಿ ಹಾಡಲಿಲ್ಲ, ಕುಣಿಯಲಿಲ್ಲ. ಕಾಟನ್ ಸೀರೆ ಉಟ್ಟು, ಮುಖ ಬಿಗಿದುಕೊಂಡು ಲೆಕ್ಕ ಹೇಳಿದಳು. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಯಷ್ಟು ಕೆಲಸ ಮಾಡುತ್ತದೆ, ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ವ್ಯತ್ಯಾಸವಿದೆ ಎಂಬುದು ಅವಳ ವಾದ. ಅಲ್ಲಿಯವರೆಗೆ ಟಿವಿಯಲ್ಲಿ ನಾವು ಕಂಡಿದ್ದು ನಗುವ ಹೆಂಗಸರನ್ನು. ಯೋಚಿಸುವ ಹೆಂಗಸನ್ನು ಕಂಡದ್ದು ಆಗ.

ಅತ್ತೆಯವರಿಗೆ ಅವಳೆಂದರೆ ಬಹಳ ಇಷ್ಟ. ಮೊದಲ ಸಲ ನೋಡಿದಾಗಲೇ "ನೋಡವಾ, ಈಕಿ ನಮ್ಮಂಗ ಲೆಕ್ಕಾ ಮಾಡಾಕಿ" ಎಂದರು. ನಾನು ಸಂಭ್ರಮದಿಂದ, "ಹಂಗಾದ್ರ ಈ ಸಲ ಸರ್ಫ್ ತರಲೇನ್ರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಈಕಿ ಶಾಣ್ಯಾ ಅದಾಳ, ಖರೆ. ಆದ್ರ ಈಕಿ ಗಂಡಗ ಪಗಾರ ಬರ್ತದ."

ಆ ತಿಂಗಳ ವಹಿಯಲ್ಲಿ 'ನಿರ್ಮಾ' ಎಂದೇ ಬರೆದಿದೆ. ಹಿಂದಿನ ತಿಂಗಳೂ ಅದೇ, ಮುಂದಿನ ತಿಂಗಳೂ ಅದೇ. ತಿಂಗಳ ಕೊನೆಯಲ್ಲಿ ದುಪ್ಪಟ್ಟು ಕೆಲಸ ಮಾಡುವ ಪುಡಿ ನಿಜವಾಗಿ ಉಳಿತಾಯವೇ ಇರಬಹುದು. ಆದರೆ ತಿಂಗಳ ಮೊದಲ ದಿನ ಅಂಗಡಿಯವನ ಮುಂದೆ ಇಡಲು ಅಷ್ಟು ಹಣ ಕೈಯಲ್ಲಿರಬೇಕಲ್ಲ? ಲಲಿತಾಜಿ ಹೇಳಿದ ಲೆಕ್ಕ ಸರಿಯಾಗಿತ್ತು, ನಮ್ಮ ಲೆಕ್ಕವೂ ಸರಿಯಾಗಿತ್ತು. ಅವಳು ಸರ್ಫಿನ ಮಾನ ಉಳಿಸಿದಳು, ಕೊಳ್ಳಬಲ್ಲವರ ಮನೆಗಳನ್ನು ಉಳಿಸಿಕೊಟ್ಟಳು. ಉಳಿದ ಮನೆಗಳಿಗಾಗಿ ಅದೇ ಕಂಪನಿ ದಶಕದ ಕೊನೆಗೆ ವೀಲ್ ಎಂಬ ಕಡಿಮೆ ಬೆಲೆಯ ಪುಡಿಯನ್ನೇ ತರಬೇಕಾಯಿತು. ಎಷ್ಟೇ ಒಳ್ಳೆಯ ಮಾತಾದರೂ ಅದು ಪಗಾರದ ಜಾಗ ತುಂಬಲಾರದು ಎಂದು ಅವರಿಗೂ ಗೊತ್ತಾಗಿರಬೇಕು.

ಈಗ ನಮ್ಮ ಊರಿನ ಕಥೆಗೆ ಬರುತ್ತೇನೆ. ಮುಷ್ಕರದ ನಂತರ ಯಜಮಾನರಿಗೆ ಗಿರಣಿಯ ಕೆಲಸ ಮರಳಿ ಸಿಗಲಿಲ್ಲ. ಡೊಂಬಿವಲಿ ಎಂಐಡಿಸಿಯ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದರು. ಅದೇ ಡೊಂಬಿವಲಿಯಲ್ಲಿ ವಿಕೋದ ಕಾರ್ಖಾನೆಯೂ ಇದೆ. ವಿಕೋ ಎಂದರೆ ವಿಷ್ಣು ಇಂಡಸ್ಟ್ರಿಯಲ್ ಕೆಮಿಕಲ್ ಕಂಪನಿ. 1952ರಲ್ಲಿ ಕೇಶವ ವಿಷ್ಣು ಪೇಂಢರ್ಕರ್ ಇದನ್ನು ಆರಂಭಿಸಿದಾಗ ಪರೇಲಿನ ಮನೆಯ ಅಡುಗೆಕೋಣೆಯೇ ಕಾರ್ಖಾನೆಯಾಗಿತ್ತು. ಗಿಡಮೂಲಿಕೆಗಳ ಹಲ್ಲುಪುಡಿಯನ್ನು ಮನೆಮನೆಗೆ ಹೋಗಿ ಮಾರಿದ ಕುಟುಂಬ ಅದು. ನಮ್ಮ ಎಷ್ಟೋ ಮಕ್ಕಳು ಓದಿದ ಡೊಂಬಿವಲಿಯ ಪೇಂಢರ್ಕರ್ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ವಿಕೋ 1984ರಲ್ಲಿ 'ಯೇ ಜೋ ಹೈ ಜಿಂದಗಿ' ಧಾರಾವಾಹಿಯನ್ನು ಪ್ರಾಯೋಜಿಸಿತು. ಇಡೀ ದೇಶ ಶುಕ್ರವಾರ ರಾತ್ರಿ ನಗುತ್ತಾ ಕೂತಿರುವಾಗ ವಜ್ರದಂತಿ, ಟರ್ಮರಿಕ್ ಕ್ರೀಮುಗಳ ಹಾಡು ಬರುತ್ತಿತ್ತು. ಅದರಲ್ಲಿ ದೊಡ್ಡ ಕಲೆಯೇನೂ ಇರಲಿಲ್ಲ. ಆದರೆ ಅರಿಸಿನ, ಶ್ರೀಗಂಧ, ಜಾಲಿ, ಲವಂಗ ಎಂದರೆ ಏನು ಎಂದು ನಮಗೆ ಯಾರೂ ವಿವರಿಸಬೇಕಿರಲಿಲ್ಲ. ಜಾಲಿಯ ಕಡ್ಡಿಯಿಂದ ಹಲ್ಲುಜ್ಜಿದ ಅಜ್ಜ, ಮದುಮಗಳಿಗೆ ಅರಿಸಿನ ಹಚ್ಚುವ ಮುತ್ತೈದೆಯರು ಎಲ್ಲರ ಮನೆಯಲ್ಲೂ ಇದ್ದರು. ನಿನಗೆ ಗೊತ್ತಿರುವುದು ಸರಿಯಾಗಿದೆ, ಅದನ್ನೇ ಟ್ಯೂಬಿನಲ್ಲಿ ತುಂಬಿ ಕೊಡುತ್ತೇವೆ ಎಂಬ ಧಾಟಿ ಆ ಜಾಹೀರಾತಿನದು. ಇದು ಸೌಂದರ್ಯವರ್ಧಕವಲ್ಲ, ಆಯುರ್ವೇದದ ವಸ್ತು ಎಂದು ಅವರು ಒತ್ತಿ ಹೇಳುತ್ತಿದ್ದುದು ಬರೀ ಹಾಡಿನ ಮಾತಾಗಿರಲಿಲ್ಲ. ಅಬಕಾರಿ ಸುಂಕದ ಪ್ರಶ್ನೆಯಲ್ಲಿ ಅದೇ ವಾದವನ್ನು ನ್ಯಾಯಾಲಯಗಳಲ್ಲಿ ಮಂಡಿಸಿ ಗೆದ್ದರು.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯೂ ದೂರವಿಲ್ಲ. ಶಿಳ್ ಫಾಟಾ ದಾಟಿ ಪನ್ವೇಲ್ ರಸ್ತೆ ಹಿಡಿದರೆ ನವಿ ಮುಂಬಯಿಯ ತಳೋಜಾ. ಅಮೆರಿಕದ ಕೆಲಾಗ್ಸ್ ಕಂಪನಿ 1994ರಲ್ಲಿ ಅಲ್ಲಿನ ಕಾರ್ಖಾನೆಯೊಂದಿಗೆ ಭಾರತಕ್ಕೆ ಬಂತು. ಹಣಕ್ಕೆ ಕೊರತೆಯಿಲ್ಲ, ಟಿವಿಯಲ್ಲಿ ಜೋರಾದ ಪ್ರಚಾರ. ಹೊಸತೆಂದು ಜನ ಮೊದಲ ಡಬ್ಬಿ ಕೊಂಡರು, ಎರಡನೆಯದನ್ನು ಕೊಳ್ಳಲಿಲ್ಲ. ಕಾರಣಗಳನ್ನು ಈಗ ವ್ಯಾಪಾರ ಕಲಿಸುವ ಕಾಲೇಜುಗಳಲ್ಲೇ ಪಾಠ ಮಾಡುತ್ತಾರೆ. ಬೆಲೆ ಹೆಚ್ಚಾಯಿತು. ಅಮೆರಿಕದಲ್ಲಿ ತಣ್ಣನೆಯ ಹಾಲು ಹಾಕುತ್ತಾರೆ, ನಾವು ಹಾಲು ಕಾಯಿಸದೆ ಮಕ್ಕಳಿಗೆ ಕೊಡುವವರಲ್ಲ. ಬಿಸಿ ಹಾಲಿಗೆ ಬಿದ್ದ ಗರಿಗರಿ ಅವಲು ಕ್ಷಣದಲ್ಲಿ ಮೆತ್ತಗಾಗುತ್ತದೆ, ಟಿವಿಯಲ್ಲಿ ಕಂಡ 'ಕರುಂ' ಸದ್ದು ನಮ್ಮ ಬಟ್ಟಲಿನಲ್ಲಿ ಕೇಳಿಸುವುದಿಲ್ಲ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಇನ್ನೊಂದು. ನಮ್ಮ ಬೆಳಗಿನ ತಿಂಡಿ ಸರಿಯಾದುದಲ್ಲ, ಆರೋಗ್ಯಕ್ಕೆ ಹೊಂದುವುದಿಲ್ಲ ಎಂಬ ಸೂಚನೆ ಆ ಮೊದಲ ಜಾಹೀರಾತುಗಳಲ್ಲಿತ್ತು. ಬೆಳಗಿನ ಐದಕ್ಕೆ ಎದ್ದು, ಆರೂವರೆಯ ಲೋಕಲ್ ಹಿಡಿಯುವವರಿಗೆ ಉಪ್ಪಿಟ್ಟು, ಅವಲಕ್ಕಿ, ಥಾಲಿಪೆಟ್ಟು ಮಾಡಿ ಡಬ್ಬಿ ಕಟ್ಟುವ ಹೆಂಗಸಿಗೆ, ನೀನು ಇಷ್ಟು ವರ್ಷ ಮಾಡಿದ್ದು ತಪ್ಪು ಎಂದು ಹೇಳಿ ಅವಳಿಂದಲೇ ಹಣ ಕೇಳಿದರೆ ಹೇಗೆ? ಪಾಪ, ಅವರೂ ಕಲಿತರು. ಮಕ್ಕಳ ನಾಲಿಗೆಗೆ ಹಿಡಿಸುವ ಚೋಕೋಸ್ ತಂದರು, ಮುಂದೆ ಥಂಡೈ ಬಾದಾಮಿನ ರುಚಿಯವರೆಗೂ ಬಂದರು. ಇಂದು ನನ್ನ ಮೊಮ್ಮಗನೂ ತಿನ್ನುತ್ತಾನೆ. ಆದರೆ ಉಪ್ಪಿಟ್ಟಿನ ಜಾಗಕ್ಕೆ ಅದು ಬಂದಿಲ್ಲ, ಉಪ್ಪಿಟ್ಟಿನ ಪಕ್ಕದಲ್ಲಿ ಕೂತಿದೆ.

ಮೂರನೆಯ ಪಾಠ ಥಾಣೆಯದು. ಕ್ಯಾಡ್ಬರಿ ಜಂಕ್ಷನ್ ಎಂದು ನಾವು ಬಸ್ ಇಳಿಯುವ ಜಾಗಕ್ಕೆ ಹೆಸರು ಕೊಟ್ಟ ಕಂಪನಿ ಅದು. 2003ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊಸ್ತಿಲಲ್ಲಿ, ಮಹಾರಾಷ್ಟ್ರದಲ್ಲಿ ಕೆಲವು ಚಾಕೊಲೇಟುಗಳಲ್ಲಿ ಹುಳು ಕಂಡವು ಎಂಬ ದೂರುಗಳು ಬಂದವು, ಮಾರಾಟ ಕುಸಿಯಿತು. ಕಂಪನಿ ಮೊದಲು ತನ್ನ ಪೊಟ್ಟಣವನ್ನು ಭದ್ರಗೊಳಿಸಿತು, ಅಂಗಡಿಯವರಿಗೆ ಇಡುವ ರೀತಿ ಕಲಿಸಿತು. ಆಮೇಲೆ, 2004ರ ಆರಂಭದಲ್ಲಿ, ಅಮಿತಾಭ್ ಬಚ್ಚನ್ ಟಿವಿಗೆ ಬಂದು ನಂಬಿ ಎಂದರು. ಜನ ನಂಬಿದರು. ಅನುಕ್ರಮ ಗಮನಿಸಿ: ಮೊದಲು ರಿಪೇರಿ, ಆಮೇಲೆ ಬಚ್ಚನ್. ಹಳೆಯ ಪೊಟ್ಟಣವನ್ನೇ ಇಟ್ಟುಕೊಂಡು ಬಚ್ಚನ್‌ರನ್ನು ಕರೆಸಿದ್ದರೆ ಯಾವ ತಾಯಿಯೂ ಮಗುವಿನ ಕೈಗೆ ಅದನ್ನು ಕೊಡುತ್ತಿರಲಿಲ್ಲ.

ವಹಿಯ ಕೊನೆಯ ಪುಟಗಳನ್ನು ತಿರುವುವಾಗ ಒಂದು ಸಂಗತಿ ನನ್ನನ್ನು ತಟ್ಟಿತು. ಸರ್ಫ್ ಇರಲಿ, ನಿರ್ಮಾ ಇರಲಿ, ವೀಲ್ ಇರಲಿ, ಹೆಸರು ಬದಲಾದರೂ ಒಗೆಯುವ ಕೈ ಬದಲಾಗಿಲ್ಲ. ಲಲಿತಾಜಿಯಂಥ ಜಾಣೆ ಕೂಡ ಯಾವ ಪುಡಿ ಎಂದು ಕೇಳಿದಳೇ ಹೊರತು, ನಾನೇ ಏಕೆ ಒಗೆಯಬೇಕು ಎಂದು ಕೇಳಲಿಲ್ಲ. ಆ ಪ್ರಶ್ನೆ ಟಿವಿಗೆ ಬರಲು 2015 ಬೇಕಾಯಿತು. ಬಟ್ಟೆ ಒಗೆಯುವುದು ಹೆಂಗಸಿನ ಕೆಲಸ ಮಾತ್ರವೇ ಎಂದು ಏರಿಯಲ್ ತನ್ನ ಜಾಹೀರಾತಿನಲ್ಲಿ ಕೇಳಿತು. ಮರುವರ್ಷ, ಮಗಳು ಕಚೇರಿಯಿಂದ ಬಂದು ಒಬ್ಬಳೇ ದುಡಿಯುವುದನ್ನು ಕಂಡು ಕ್ಷಮೆ ಕೇಳುವ ಅಪ್ಪನನ್ನು ತೋರಿಸಿತು. ಪುಡಿ ಮಾರಲೆಂದೇ ಮಾಡಿದ ಜಾಹೀರಾತು ಅದು, ನನಗೆ ಗೊತ್ತು. ಆದರೂ ಅದನ್ನು ನೋಡಿದ ರಾತ್ರಿ ಯಜಮಾನರು ಏನೂ ಮಾತಾಡದೆ ಎದ್ದು ಹೋಗಿ ಬಾಲ್ಕನಿಯ ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಚಿದರು. ಸೀರೆ ಮಡಚಲು ಬರಲಿಲ್ಲ, ಸುತ್ತಿ ಇಟ್ಟರು. ಮರುದಿನದಿಂದ ಅದು ಅವರ ಕೆಲಸವಾಯಿತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಟಿವಿ ನಮ್ಮ ಮನೆಯಲ್ಲಿ ಮಾಡಿದ ಬದಲಾವಣೆ ಅಂದರೆ ಅದೊಂದೇ. ಅದು ಯಾವ ವಹಿಯಲ್ಲೂ ಬರೆದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ನನ್ನನ್ನು ಪ್ರಶ್ನೆ ಕೇಳಿದ ಆ ಹುಡುಗಿಗೆ ಈಗ ಉತ್ತರ ಕೊಡಬಲ್ಲೆ. ಇಲ್ಲ ಮಗಳೇ, ಎಲ್ಲವನ್ನೂ ಕೊಂಡಿಲ್ಲ. ಹಾಡು ಎಲ್ಲರದ್ದೂ ಕೇಳಿದೆವು, ಕೈಚೀಲ ಬಿಚ್ಚಿದ್ದು ನಮ್ಮ ಮನೆಯನ್ನು ಬಲ್ಲವರಿಗೆ ಮಾತ್ರ. ಅತ್ತೆಯವರು ಇಂದಿಲ್ಲ. ಆದರೆ ಹೊಳೆಹೊಳೆಯುವ ಯಾವ ಜಾಹೀರಾತು ಕಂಡರೂ ಅವರ ಮಾತು ಕಿವಿಯಲ್ಲಿ ಕೇಳುತ್ತದೆ, ಮೊದಲು ಪಗಾರ ನೋಡಿಕೊಳ್ಳುತ್ತೇನೆ.

ಸಖಿಯರೇ, ನಿಮ್ಮ ಮಾಳಿಗೆಯ ಮೇಲೂ ಅಮ್ಮನದೋ ಅತ್ತೆಯದೋ ಇಂಥ ವಹಿ ಇದ್ದರೆ, ದಯವಿಟ್ಟು ರದ್ದಿಯವನಿಗೆ ಕೊಡಬೇಡಿ. ನಾವು ಹೆಂಗಸರು ಬರೆದಿಟ್ಟ ಇತಿಹಾಸ ಇರುವುದು ಅಲ್ಲೇ.